ಪಾರ್ಕಿನ ಅಂಚಿಗೆ ತಂಗಡಿ: ಅರ್ಜಿಯಿಂದ ಹೂವಿನವರೆಗೆ

ಗದಗದ ನಮ್ಮ ಬಡಾವಣೆಯ ಪಾರ್ಕಿನ ಅಂಚಿನಲ್ಲಿ ಈಗ ತಂಗಡಿ ಗಿಡಗಳು ಆಳೆತ್ತರ ಬೆಳೆದು ಹೂ ಬಿಟ್ಟಿವೆ. ಇಲ್ಲಿಗೆ ಮುಟ್ಟಲು ಎರಡು ಮಳೆಗಾಲ ಬೇಕಾಯಿತು. ಅದರಲ್ಲಿ ಗಿಡಕ್ಕೆ ಪಟ್ಟ ಶ್ರಮ ಕಡಿಮೆ. ಅರ್ಜಿ, ಸಹಿ, ಕಾಯುವುದು, "ಇದು ಕಸ ಅಲ್ರೀ" ಅಂತ ಮಂದಿಗೆ ತಿಳಿಹೇಳುವುದು, ಇವಕ್ಕೇ ಜಾಸ್ತಿ ಹೋಯಿತು. ಮುಂದೆ ಈ ಕೆಲಸಕ್ಕೆ ಕೈಹಾಕುವವರಿಗೆ ಅಷ್ಟು ಅಲೆದಾಟ ಬೇಡ. ಅದಕ್ಕೇ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ತಂಗಡಿಗೆ ಆವರಿಕೆ, ಹೊನ್ನಾವರಿಕೆ ಎಂಬ ಹೆಸರುಗಳೂ ಇವೆ. ಸಸ್ಯಶಾಸ್ತ್ರದವರಿಗೆ ಇದು ಸೆನ್ನಾ ಆರಿಕ್ಯುಲೇಟಾ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ. ಗದಗದಿಂದ ಮುಂಡರಗಿಗೋ ಶಿರಹಟ್ಟಿಗೋ ಬಸ್ಸಿನಲ್ಲಿ ಹೋಗುವಾಗ ಮಸಾರಿ ಹೊಲದ ಬದುವಿನಲ್ಲಿ, ರಸ್ತೆ ಪಕ್ಕದ ಗರಸು ನೆಲದಲ್ಲಿ ಹಳದಿ ಹೂವಿನ ಗೊಂಚಲು ಹೊತ್ತ ಕಂಟಿ ಕಾಣುತ್ತದಲ್ಲ, ಅದೇ ಇದು. ಭಾರತ, ಶ್ರೀಲಂಕಾದ ಒಣನೆಲದ ಮೂಲ ಗಿಡ. ಒಮ್ಮೆ ಬೇರು ಬಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ತೆಲಂಗಾಣದಲ್ಲಿ ಇದು ರಾಜ್ಯದ ಹೂವು, ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕು. ನಮ್ಮ ಕಡೆ ಮಾತ್ರ ಕಂಟಿ ಅಂತ ಕಡಿದು ಹಾಕುತ್ತಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪರಾಗಸ್ಪರ್ಶದ ಪಾಠ ಬಂದಾಗ ಮಕ್ಕಳಿಗೆ ತೋರಿಸಲು ಬಡಾವಣೆಯಲ್ಲಿ ಏನೂ ಇರಲಿಲ್ಲ. ಪಾರ್ಕ್ ಅಂತ ಬಿಟ್ಟ ಜಾಗದಲ್ಲಿ ಕಾಂಗ್ರೆಸ್ ಕಸ ಸೊಂಟದ ಮಟ್ಟ ಬೆಳೆದಿತ್ತು. ಗೇಟಿನ ಹತ್ತಿರ ಅಂದಕ್ಕೆ ಹಚ್ಚಿದ ನಾಲ್ಕು ವಿದೇಶಿ ಗಿಡ. ಜೇನು, ದುಂಬಿ, ಚಿಟ್ಟೆಗಳಿಗೆ ಅಲ್ಲೊಂದು ಜಾಗ ಆಗಬೇಕು, ಅದಕ್ಕೆ ನೀರು ಬೇಡದ ಊರಿನ ಗಿಡವೇ ಬೇಕು ಅನ್ನಿಸಿತು. ಗದಗದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ನಳದ ನೀರಿಗೆ ದಾರಿ ಕಾಯುವ ಓಣಿಯಲ್ಲಿ ಹೂವಿನ ಗಿಡಕ್ಕೆ ದಿನಾ ಕೊಡ ಸುರಿಯಲು ಯಾರಿಗೆ ಆಗುತ್ತದೆ? ತಂಗಡಿಗೆ ಅದು ಬೇಕಿಲ್ಲ. ಆಡು, ದನ ಕೂಡ ಇದಕ್ಕೆ ಬಾಯಿ ಹಾಕುವುದು ಕಡಿಮೆ. ಬಯಲು ಪಾರ್ಕಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಮೊದಲ ಅಡಚಣೆ ಬೀಜದ್ದು. ನರ್ಸರಿಗಳಲ್ಲಿ ಕೇಳಿದೆ. ಒಂದು ಕಡೆ ಸೀಮೆ ಅಗಸೆ ತೋರಿಸಿದರು, ಇನ್ನೊಂದು ಕಡೆ ಟೆಕೋಮಾ. ಎರಡೂ ಹಳದಿ ಹೂವಿನವೇ, ಎರಡೂ ಅಮೆರಿಕದ ಕಡೆಯಿಂದ ಬಂದವು. ಧಾರವಾಡದ ಕೃಷಿ ಮೇಳದಲ್ಲಿ ಬೀಜದ ಮಳಿಗೆಗಳ ಮುಂದೆ ಅರ್ಧ ದಿನ ನಿಂತೆ. ಚೆಂಡು ಹೂವಿನಿಂದ ಹಿಡಿದು ಎಲ್ಲ ಇತ್ತು. ತಂಗಡಿ ಬೀಜವನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರೂ ಇಲ್ಲ, ಹಾಗಾಗಿ ಮಾರುವವರೂ ಇಲ್ಲ.

ಹಲವರು ಕಪ್ಪತಗುಡ್ಡಕ್ಕೆ ಹೋಗಿ ತನ್ನಿ ಅಂದರು. ಅದನ್ನು ಮಾತ್ರ ಮಾಡಬೇಡಿ. 2019ರಿಂದ ಕಪ್ಪತಗುಡ್ಡ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿಂದ ಗಿಡ, ಬೇರು, ಬೀಜ ಯಾವುದನ್ನೂ ಅನುಮತಿ ಇಲ್ಲದೆ ತರುವಂತಿಲ್ಲ. ಕಾನೂನಿನ ಮಾತು ಹಾಗಿರಲಿ. ಆ ಗುಡ್ಡಕ್ಕೆ ಗಣಿಗಾರಿಕೆ ಬರಬಾರದು ಅಂತ 2017ರಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಗದಗದಲ್ಲಿ ಹೋರಾಟ ಮಾಡಿದರು. ಜನ ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಜಾಗಕ್ಕೆ ನಾವು ಚೀಲ ಹಿಡಿದು ಹೋಗುವುದು ಸರಿಯಲ್ಲ.

ಬೀಜ ಸಿಕ್ಕಿದ್ದು ಒಬ್ಬ ಹಿರಿಯ ರೈತರ ಹೊಲದ ಬದುವಿನಲ್ಲಿ. ಸಂಕ್ರಾಂತಿ ಮುಗಿದಿತ್ತು, ಕಡಲೆ ಕೀಳುವ ಹೊತ್ತು. ಬದುವಿನ ತುಂಬ ತಂಗಡಿ, ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಗಾಳಿ ಬಂದರೆ ಸರಸರ ಸಪ್ಪಳ. "ಅಜ್ಜಾರ, ಒಂದಿಷ್ಟು ಕಾಯಿ ತುಗೊಳ್ಳಲೇನ್ರೀ?" ಅಂತ ಕೇಳಿದೆ.

"ಅದನ್ನ ಬಿತ್ತಾಕ ಒಯ್ತಿಯೇನವ್ವಾ? ಅದು ತಾನ ಬರ್ತೈತಿ, ಕಡದ್ರೂ ಹೋಗೂದಿಲ್ಲ. ಎಷ್ಟ ಬೇಕ ಅಷ್ಟ ತುಗೊಂಡ ಹೋಗು" ಅಂದರು. "ಕಡದ್ರೂ ಹೋಗೂದಿಲ್ಲ" ಅಂದದ್ದು ಮುಂದೆ ನನಗೆ ಎಷ್ಟು ಧೈರ್ಯ ಕೊಟ್ಟಿತು ಅನ್ನುವುದು ಅವರಿಗೆ ಗೊತ್ತಿಲ್ಲ.

ಗಿಡ ಗುರುತಿಸುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದೇ ಜಾತಿಯ ಹಳದಿ ಹೂವಿನ ಗಿಡಗಳು ಬಹಳ ಇವೆ. ಹೂ ಒಂದನ್ನೇ ನೋಡಬೇಡಿ, ಎಲೆಯ ಬುಡ ನೋಡಿ. ತಂಗಡಿಯಲ್ಲಿ ಎಲೆದಂಟು ಕೊಂಬೆಗೆ ಸೇರುವಲ್ಲಿ ಚಿಕ್ಕ ಕಿವಿಯ ಹಾಗೆ ಅಗಲವಾದ ಹಸಿರು ಎಸಳು ಅಂಟಿಕೊಂಡಿರುತ್ತದೆ. ತಗಚೆಯಲ್ಲಿ ಇದು ಇಲ್ಲ, ಟೆಕೋಮಾದಲ್ಲೂ ಇಲ್ಲ. ಎಲೆದಂಟಿನ ಮೇಲೆ ಪ್ರತಿ ಜೋಡಿ ಚಿಕ್ಕೆಲೆಗಳ ನಡುವೆ ಕಡ್ಡಿಯಂಥ ಸಣ್ಣ ಗ್ರಂಥಿ ಇರುತ್ತದೆ. ಕಾಯಿ ಚಪ್ಪಟೆ, ತೆಳು, ಬೆರಳುದ್ದ. ಒಳಗೆ ಬೀಜ ಇರುವ ಕಡೆಯೆಲ್ಲ ಸ್ವಲ್ಪ ಉಬ್ಬಿರುತ್ತದೆ. ಹಸಿರು ಕಾಯಿ ಕೀಳಬೇಡಿ, ಒಳಗಿನ ಬೀಜ ಎಳೆಯದಿರುತ್ತದೆ. ಒಣಗಿದ ಕಾಯಿಯಲ್ಲೂ ತೂತು ಬಿದ್ದ ಬೀಜ ಸಿಗುತ್ತವೆ, ಹುಳ ಹೊಕ್ಕವು. ಮೊರದಲ್ಲಿ ಕೇರಿ ಆರಿಸಿ, ಕಾಗದದ ಪೊಟ್ಟಣ ಕಟ್ಟಿ ಇಟ್ಟೆ.

ಇನ್ನು ಕಾಗದಪತ್ರ. ಪಾರ್ಕಿನ ಜಾಗ ನಮ್ಮದಲ್ಲ, ಸ್ಥಳೀಯ ಸಂಸ್ಥೆಗೆ ಸೇರಿದ್ದು. ಯಾರನ್ನೂ ಕೇಳದೆ ಹಚ್ಚಿ ಬಿಡಿ, ಯಾರು ಕೇಳ್ತಾರೆ ಅಂತ ಹೇಳಿದವರು ಇದ್ದರು. ಆದರೆ ಕಾಗದ ಇಲ್ಲದ ಗಿಡಕ್ಕೆ ರಕ್ಷಣೆ ಇಲ್ಲ. ನಾಳೆ ಯಾರೋ ಜೆಸಿಬಿ ತಂದು ಬಳಿದು ಹಾಕಿದರೆ ಕೇಳಲು ಬಾಯಿ ಇರಬೇಕಲ್ವಾ? ಹಾಗಾಗಿ ನಿವಾಸಿಗಳ ಸಂಘದಿಂದಲೇ ಅರ್ಜಿ ಹಾಕಿದೆವು. ನಮ್ಮಿಂದ ಕೇಳಿದ್ದು ಇಷ್ಟು: ಸಂಘದ ಸಭೆಯ ಠರಾವಿನ (ನಿರ್ಣಯದ) ಪ್ರತಿ, ಬಡಾವಣೆಯ ಮಂಜೂರಾದ ನಕ್ಷೆಯ ಝೆರಾಕ್ಸ್, ಗಿಡ ಹಚ್ಚುವ ಜಾಗವನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ ಕೈನಕ್ಷೆ, ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳ ಆಧಾರ್ ಪ್ರತಿ, ಆಮೇಲೆ 100 ರೂಪಾಯಿಯ ಇ-ಸ್ಟಾಂಪ್ ಕಾಗದದ ಮೇಲೆ ಮುಚ್ಚಳಿಕೆ. ಜಾಗದ ಮೇಲೆ ಹಕ್ಕು ಕೇಳುವುದಿಲ್ಲ, ಕಾಂಪೌಂಡ್ ಕಟ್ಟುವುದಿಲ್ಲ, ಬೋರ್ ಹಾಕುವುದಿಲ್ಲ, ಬೇಕೆಂದಾಗ ಬಿಟ್ಟುಕೊಡುತ್ತೇವೆ ಅಂತ ಅದರಲ್ಲಿ ಬರೆದುಕೊಟ್ಟೆವು. ಬೇರೆ ಊರಲ್ಲಿ ಒಂದೆರಡು ಕಾಗದ ಹೆಚ್ಚು ಕಡಿಮೆ ಆಗಬಹುದು. ಠರಾವು ಮತ್ತು ನಕ್ಷೆ ಎಲ್ಲ ಕಡೆಯೂ ಕೇಳುತ್ತಾರೆ ಅಂದುಕೊಂಡೇ ಹೋಗಿ.

ಠರಾವು ಮಾಡಿಸುವುದೇ ಒಂದು ದೊಡ್ಡ ಕೆಲಸ ಆಯಿತು. ಸಭೆಯಲ್ಲಿ ಒಬ್ಬರು ಎದ್ದು, "ಟೀಚರ್, ಗುಲಾಬಿ ಹಚ್ರಿ, ಬೇಕಾದ್ರ ಅಶೋಕ ಹಚ್ರಿ. ರೋಡ್ ಮಗ್ಗಲಿನ ಕಂಟಿ ತಂದು ಪಾರ್ಕಿನ್ಯಾಗ ಹಚ್ಚತೀನಿ ಅಂದ್ರ ಮಂದಿ ನಗ್ತಾರ್ರೀ" ಅಂದರು. ಕಂಟಿ ಬೆಳೆದರೆ ಹಾವು ಬರುತ್ತದೆ ಅನ್ನುವುದು ಇನ್ನೊಬ್ಬರ ಭಯ. ಹಾವಿನ ಭಯ ಸುಳ್ಳಲ್ಲ, ಮಕ್ಕಳಾಡುವ ಜಾಗ. ಅದಕ್ಕೆ ನಾನು ಹೇಳಿದ್ದು: ಈಗಿರುವ ಕಾಂಗ್ರೆಸ್ ಕಸದಲ್ಲಿ ನೆಲವೇ ಕಾಣುವುದಿಲ್ಲ, ತಂಗಡಿಯನ್ನು ಒಂದು ಸಾಲಿನಲ್ಲಿ ಹಚ್ಚಿ, ಬುಡದ ಕೊಂಬೆ ಸವರಿ, ಕೆಳಗೆ ಸ್ವಚ್ಛ ಇಟ್ಟರೆ ನೆಲ ಕಾಣುತ್ತದೆ. ಈ ಮಾತಿಗೆ ಒಪ್ಪಿಗೆ ಸಿಕ್ಕಿತು. ಆಡುವ ಜಾಗ ಮುಟ್ಟಬಾರದು, ಹಿಂದಿನ ಅಂಚು ಮಾತ್ರ ಅಂತ ಠರಾವಿನಲ್ಲಿ ಬರೆಸಿದರು. ಅದು ಒಳ್ಳೆಯದೇ ಆಯಿತು.

ಅರ್ಜಿ ಕೊಟ್ಟಾಗ ಮಾರ್ಚ್. ಮಾರ್ಚ್ ತಿಂಗಳಲ್ಲಿ ಅರ್ಜಿ ಕೊಡಬೇಡಿ, ಆದಷ್ಟು ಜನವರಿಯಲ್ಲೇ ಕೊಡಿ. ವರ್ಷದ ಕೊನೆಯ ಲೆಕ್ಕಪತ್ರದ ಗಡಿಬಿಡಿಯಲ್ಲಿ ಗಿಡದ ಕಡತ ಯಾರೂ ತೆಗೆಯುವುದಿಲ್ಲ. ಏಪ್ರಿಲ್‌ನಲ್ಲಿ ಸ್ಥಳ ಪರಿಶೀಲನೆ ಆಗಬೇಕು ಅಂದರು. ಪರಿಶೀಲನೆಗೆ ಬರಬೇಕಾದವರಿಗೆ ವರ್ಗಾವಣೆ ಆಯಿತು. ಹೊಸಬರು ಬರುವವರೆಗೆ ಮೇಜು ಖಾಲಿ. ಬಿಸಿಲಿನಲ್ಲಿ ಹೋಗಿ, ಬೆಂಚಿನ ಮೇಲೆ ಕೂತು, "ಮುಂದಿನ ವಾರ ಬರ್ರಿ ಮೇಡಂ" ಅಂತ ಕೇಳಿಸಿಕೊಂಡು ವಾಪಸ್ ಬರುವಾಗ ಬಹಳ ಬೇಜಾರಾಗುತ್ತಿತ್ತು. ಯಾರೂ ಕೆಟ್ಟ ಮಾತಾಡಲಿಲ್ಲ, ಯಾರೂ ದುಡ್ಡು ಕೇಳಲಿಲ್ಲ. ಕೆಲಸ ಮಾತ್ರ ಮುಂದೆ ಹೋಗಲಿಲ್ಲ. ಒಂದು ಸಲ ಗುಮಾಸ್ತರು, "ಹಣ್ಣಿನ ಗಿಡಾನೋ, ನೆರಳಿನ ಗಿಡಾನೋ ಬರೀರಿ, ಇದು ಯಾವುದರಾಗೂ ಬರೂದಿಲ್ಲ" ಅಂದರು. "ಸ್ಥಳೀಯ ಹೂವಿನ ಗಿಡ, ಜೇನು ಮತ್ತು ಚಿಟ್ಟೆಗಳಿಗಾಗಿ" ಅಂತ ಬರೆದು ಕೊಟ್ಟೆ. ಹಾಗೇ ತೆಗೆದುಕೊಂಡರು.

ಇಲ್ಲಿ ಎರಡು ಮಾತು. ಅರ್ಜಿಯ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬೀಳಬೇಡಿ. ಹೊಸ ಅಧಿಕಾರಿ ಬಂದ ಮೇಲೆ ನಮ್ಮ ಕಡತ ಸಿಕ್ಕಿದ್ದು ಆ ಸಂಖ್ಯೆಯಿಂದಲೇ. ಮತ್ತೆ, ಸ್ಥಳ ನೋಡಲು ಬಂದವರಿಗೆ ಗಿಡದ ಹೂ ಬಿಟ್ಟ ಫೋಟೋ ಒಂದು ಕೈಯಲ್ಲಿ ಕೊಡಿ. ಹೆಸರು ಹೇಳಿದರೆ ತಲೆ ಅಲ್ಲಾಡಿಸುತ್ತಾರೆ. ಫೋಟೋ ನೋಡಿದರೆ, "ಅಯ್ಯ, ಇದು ನಮ್ಮ ಊರ ದಾರಿಯೊಳಗೂ ಐತಲ್ರೀ" ಅಂತ ಮುಖ ಅರಳುತ್ತದೆ. ನಮ್ಮಲ್ಲಿ ಹಾಗೇ ಆಯಿತು.

ಅಭ್ಯಂತರ ಇಲ್ಲ ಅನ್ನುವ ಪತ್ರ ಕೈಗೆ ಬಂದಾಗ ಮೃಗಶಿರ ಮಳೆ ಮುಗಿದಿತ್ತು. ಆ ವರ್ಷ ಮೃಗಶಿರ ಸರಿಯಾಗಿ ಹಿಡಿಯಲೂ ಇಲ್ಲ, ಆರಿದ್ರಾಕ್ಕೆ, ಅಂದರೆ ಜೂನ್ ಕೊನೆಗೆ, ನೆಲ ನೆನೆಯಿತು. ಹಾಗಾಗಿ ತಡವಾದದ್ದು ನಷ್ಟ ಆಗಲಿಲ್ಲ.

ಬೀಜದ ಸಿಪ್ಪೆ ಬಹಳ ಗಟ್ಟಿ. ನೀರು ಒಳಗೆ ಇಳಿಯುವುದೇ ಇಲ್ಲ. ಹೊಲದ ಬದುವಿನಲ್ಲಿ ಬಿಸಿಲು, ಮಳೆ, ಕಲ್ಲಿನ ಉಜ್ಜಾಟಕ್ಕೆ ಅದು ನಿಧಾನ ಸವೆದು, ಬೇರೆ ಬೇರೆ ವರ್ಷ ಬೇರೆ ಬೇರೆ ಬೀಜ ಮೊಳೆಯುತ್ತವೆ. ಮಳೆ ಕೈಕೊಟ್ಟ ವರ್ಷವೂ ವಂಶ ಉಳಿಯಲಿ ಅಂತ ಗಿಡ ಮಾಡಿಕೊಂಡ ಉಪಾಯ ಅದು. ನಮಗೆ ಅಷ್ಟು ಕಾಯಲು ಆಗುವುದಿಲ್ಲ. ಕುದಿ ನೀರನ್ನು ಒಲೆಯಿಂದ ಇಳಿಸಿ, ಕುದಿತ ನಿಂತ ಮೇಲೆ ಬೀಜ ಹಾಕಿ, ರಾತ್ರಿಯೆಲ್ಲ ಅದರಲ್ಲೇ ಬಿಡಬೇಕು. ಬೆಳಗ್ಗೆ ಉಬ್ಬಿದ ಬೀಜ ಬಿತ್ತನೆಗೆ ತಯಾರು. ಉಬ್ಬದೆ ತಳದಲ್ಲಿ ಹಾಗೇ ಇದ್ದದ್ದನ್ನು ಮರಳು ಕಾಗದದ ಮೇಲೆ ಒಂದೆರಡು ಸಲ ತಿಕ್ಕಿ ಮತ್ತೆ ನೆನೆಹಾಕಿ. ಮಕ್ಕಳಿಗೆ ತೋರಿಸಲೆಂದು ನೆನೆಸದ ಬೀಜವನ್ನೂ ಬೇರೆ ಕುಂಡದಲ್ಲಿ ಬಿತ್ತಿದ್ದೆ. ನೆನೆಸಿದವು ವಾರದೊಳಗೆ ಮೊಳೆತವು. ನೆನೆಸದ ಕುಂಡದಲ್ಲಿ ದೀಪಾವಳಿ ಹೊತ್ತಿಗೂ ಒಂದೊಂದಾಗಿ ಏಳುತ್ತಲೇ ಇದ್ದವು.

ಪತ್ರ ತಡವಾದೀತು ಅಂತ ಬೇಸಿಗೆಯ ಕೊನೆಯಲ್ಲೇ ಒಂದಿಷ್ಟು ಬೀಜವನ್ನು ಉದ್ದನೆಯ ಚೀಲಗಳಲ್ಲಿ ಹಾಕಿ ಸಸಿ ಮಾಡಿಟ್ಟಿದ್ದೆ. ಉಳಿದದ್ದನ್ನು ನೇರ ನೆಲಕ್ಕೆ ಬಿತ್ತಿದೆವು. ನೋಡಿದರೆ, ನೆಲದಲ್ಲೇ ಹುಟ್ಟಿದವು ಚೀಲದ ಸಸಿಗಳನ್ನು ಹಿಂದೆ ಹಾಕಿದವು. ತಂಗಡಿ ಮೊದಲು ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ, ಆಮೇಲೆ ಮೇಲೆ ಬೆಳೆಯುತ್ತದೆ. ಚೀಲದ ತಳದಲ್ಲಿ ಆ ಬೇರು ಸುತ್ತಿಕೊಂಡರೆ ಗಿಡ ಚೇತರಿಸಿಕೊಳ್ಳಲು ಬಹಳ ದಿನ ಬೇಕು. ಆದಷ್ಟು ನೇರ ಬಿತ್ತಿ. ಒಂದು ಗುಣಿಗೆ ಎರಡು ಮೂರು ಬೀಜ, ಬೆರಳಿನ ಅರ್ಧ ಗೆಣ್ಣು ಆಳ, ಗುಣಿಯಿಂದ ಗುಣಿಗೆ ಮೂರು ಅಡಿ ಸಾಕು.

ನೆಲದ ವಿಷಯದಲ್ಲೂ ಒಂದು ಮಾತಿದೆ. ನಮ್ಮ ಪಾರ್ಕಿನ ಒಂದು ತುದಿ ಎರೆ ಮಣ್ಣು, ಇನ್ನೊಂದು ತುದಿಗೆ ಯಾರೋ ಮನೆ ಕಟ್ಟುವಾಗ ಗರಸು, ಇಟ್ಟಿಗೆ ಚೂರು ಸುರಿದು ಹೋಗಿದ್ದರು. ಒಳ್ಳೆ ಮಣ್ಣಿನ ತುದಿಯಲ್ಲಿ ಗಿಡ ಚೆನ್ನಾಗಿ ಬರುತ್ತದೆ ಅಂತ ಎಲ್ಲರ ಲೆಕ್ಕ. ಆದದ್ದು ಬೇರೆ. ಪುಷ್ಯ ಮಳೆಗೆ ಎರೆ ತುದಿಯಲ್ಲಿ ನೀರು ನಿಂತು ಸಸಿಗಳು ಹಳದಿಯಾಗಿ ಕೊಳೆತವು. ಗರಸಿನಲ್ಲಿದ್ದವು ನಳನಳಿಸುತ್ತಿದ್ದವು. ಈ ಗಿಡಕ್ಕೆ ಬೇರಿನ ಸುತ್ತ ಗಾಳಿ ಬೇಕು, ಬಡ ನೆಲ ಆದರೂ ನಡೆಯುತ್ತದೆ. ಎರೆ ಭೂಮಿಯವರು ಒಂದಡಿ ಎತ್ತರದ ಬೋದು ಮಾಡಿ ಅದರ ನೆತ್ತಿಯ ಮೇಲೆ ಬಿತ್ತಿ. ಗೊಬ್ಬರ ಹಾಕುವ ಅಗತ್ಯವೇ ಇಲ್ಲ.

ಆಗಸ್ಟ್ ಹೊತ್ತಿಗೆ ಸಸಿಗಳು ಮೊಣಕಾಲೆತ್ತರ ಬಂದಿದ್ದವು. ಸ್ವಾತಂತ್ರ್ಯ ದಿನಕ್ಕೆ ಪಾರ್ಕಿನಲ್ಲಿ ಧ್ವಜಾರೋಹಣ. ಹಿಂದಿನ ದಿನ ನಾನು ಶಾಲೆಯಿಂದ ಬಂದು ನೋಡಿದರೆ ಇಡೀ ಅಂಚು ನುಣ್ಣಗೆ. ಹುಲ್ಲು ಕತ್ತರಿಸುವ ಮಷಿನ್ ಇನ್ನೂ ಓಡುತ್ತಿತ್ತು. ಕಾಂಗ್ರೆಸ್ ಕಸದ ಜೊತೆ ನಮ್ಮ ಸಾಲೂ ಹೋಗಿತ್ತು. ಗೇಣುದ್ದ ಕಡ್ಡಿಗಳು ಮಾತ್ರ ನಿಂತಿದ್ದವು. ಮಷಿನ್ ಹಿಡಿದ ಹುಡುಗ ಗಾಬರಿಯಾಗಿ, "ಅಕ್ಕಾರ, ಪಾರ್ಕ್ ಸ್ವಚ್ಛ ಮಾಡ್ರಿ ಅಂದಿದ್ರು. ಇವು ಹಚ್ಚಿದ್ದು ಅಂತ ನಮಗ ಯಾರೂ ಹೇಳಿರಲಿಲ್ರೀ" ಅಂದ. ಅವನದೇನು ತಪ್ಪು? ಅವನ ಕೆಲಸ ಅವನು ಮಾಡಿದ್ದ. ಅನುಮತಿ ಪತ್ರ ಕಡತದಲ್ಲಿತ್ತು. ಕತ್ತರಿಸುವವನ ಕೈಗೆ ಅದರ ಸುದ್ದಿ ಮುಟ್ಟಿರಲಿಲ್ಲ. ಆ ಸಂಜೆ ಮನೆಗೆ ಬಂದು ಊಟ ಮಾಡಲು ಮನಸ್ಸಾಗಲಿಲ್ಲ. ಮಕ್ಕಳಿಗೆ ಏನು ಹೇಳಲಿ ಅನ್ನುವುದೇ ದೊಡ್ಡ ಸಂಕಟ, ಯಾಕೆಂದರೆ ಒಂದೊಂದು ಗುಣಿಗೆ ಒಬ್ಬೊಬ್ಬರ ಹೆಸರಿತ್ತು.

ಹುಬ್ಬಿ ಮಳೆಗೆ ಆ ಕಡ್ಡಿಗಳ ಬುಡದಲ್ಲಿ ಕೆಂಪು-ಹಸಿರು ಚಿಗುರು ಕಂಡಿತು. ಒಂದು ಕಡ್ಡಿಯ ಜಾಗದಲ್ಲಿ ಮೂರು ನಾಲ್ಕು ಕವಲು. ಬೇರು ಆಗಲೇ ಇಳಿದಿದ್ದರಿಂದ ಈ ಸಲ ಮೊದಲಿಗಿಂತ ಬೇಗ ಬೆಳೆದವು. ಅಜ್ಜಾರು ಅಂದದ್ದು ಅಕ್ಷರಶಃ ನಿಜ. ತಂಗಡಿ ಕಡಿದರೆ ಚಿಗುರುವ ಗಿಡ. ಹಾಗಾಗಿ ನಿಮ್ಮ ಸಾಲನ್ನು ಯಾರಾದರೂ ಕತ್ತರಿಸಿದರೆ ಬುಡ ಕೀಳಬೇಡಿ, ಹೊಸದಾಗಿ ಬಿತ್ತಲೂ ಬೇಡಿ, ಒಂದು ತಿಂಗಳು ಬಿಟ್ಟು ನೋಡಿ. ಆದರೆ ಮೊದಲೇ ಮಾಡಬೇಕಾದ್ದು ಇದು: ಬಿತ್ತಿದ ದಿನವೇ ಹಲಗೆ ನೆಡಿ. ಫ್ಲೆಕ್ಸ್ ಗದಗದ ಗಾಳಿಗೆ ನಿಲ್ಲುವುದಿಲ್ಲ, ತಗಡಿನ ಮೇಲೆ ಬಣ್ಣದಲ್ಲಿ ಬರೆಸಿ. ನಮ್ಮ ಹಲಗೆಯಲ್ಲಿ ಇರುವುದು: "ತಂಗಡಿ ಹೂವಿನ ಗಿಡ. ದುಂಬಿ, ಚಿಟ್ಟೆಗಳಿಗಾಗಿ ಅನುಮತಿ ಪಡೆದು ಬೆಳೆಸಿದ್ದು. ದಯವಿಟ್ಟು ಕತ್ತರಿಸಬೇಡಿ, ಔಷಧ ಹೊಡೆಯಬೇಡಿ." ಅನುಮತಿ ಪತ್ರದ ಸಂಖ್ಯೆಯನ್ನೂ ಕೆಳಗೆ ಬರೆಸಿದೆವು. ಆ ಸಂಖ್ಯೆಗೆ ಇರುವ ತೂಕ ನಮ್ಮ ಮಾತಿಗೆ ಇಲ್ಲ. ಸಾಲಿನ ಎರಡೂ ಕಡೆ ಬಿದಿರ ಗೂಟ ನೆಟ್ಟು, ಬಿಳಿ ಬಣ್ಣ ಹಚ್ಚಿ, ಒಂದು ಎಳೆ ತಂತಿ ಎಳೆದೆವು. ಎರಡು ಕಡೆ ಗಡಿ ಕಂಡರೆ ಅದು ಹಚ್ಚಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಹಲಗೆಯಲ್ಲಿ "ಔಷಧ ಹೊಡೆಯಬೇಡಿ" ಅನ್ನುವುದು ಆಮೇಲೆ ಸೇರಿಸಿದ್ದು. ದಸರಾ ಮುಗಿದ ಮೇಲೆ ಎಲೆಗಳಲ್ಲಿ ತೂತು ಬಿದ್ದವು. ಹತ್ತಿರ ಹೋಗಿ ನೋಡಿದರೆ ಹಸಿರು ಹುಳ, ಪಕ್ಕೆಯಲ್ಲಿ ಬಿಳಿ ಗೆರೆ, ಅದರ ಗುಂಟ ಸಣ್ಣ ಕಪ್ಪು ಚುಕ್ಕೆ. ಎಲೆಯ ಬಣ್ಣಕ್ಕೆ ಎಷ್ಟು ಸೇರುತ್ತದೆ ಅಂದರೆ ಕಣ್ಣು ಪಳಗುವವರೆಗೆ ಕಾಣುವುದೇ ಇಲ್ಲ. ಮಾಟಲ್ಡ್ ಎಮಿಗ್ರಂಟ್ ಅನ್ನುವ ತಿಳಿ ಬಣ್ಣದ ಚಿಟ್ಟೆಯ ಮರಿ ಅದು. ಆ ಚಿಟ್ಟೆ ಮೊಟ್ಟೆ ಇಡುವುದು ಈ ಜಾತಿಯ ಗಿಡಗಳ ಮೇಲೇ, ಎಳೆ ಚಿಗುರಿನ ಮೇಲೆ ಒಂದೊಂದೇ ಬಿಳಿ ಮೊಟ್ಟೆ.

ಪಕ್ಕದ ಮನೆಯ ಕಾಕಾ ಬೆನ್ನಿಗೆ ಪಂಪ್ ಕಟ್ಟಿಕೊಂಡು ಬಂದೇ ಬಿಟ್ಟಿದ್ದರು. ನಮಗೆ ಉಪಕಾರ ಮಾಡಬೇಕು ಅಂತಲೇ. "ಹುಳ ಬಿದ್ದಾವು ನೋಡವಾ, ಹತ್ತಿಗೆ ತಂದಿದ್ದು ಉಳದೈತಿ, ಒಂದ ರೌಂಡ್ ಹೊಡದ್ರ ಮುಗೀತು" ಅಂದರು. ಅವರನ್ನು ನಿಲ್ಲಿಸಿ, ಕೋಶವೊಂದನ್ನು ತೋರಿಸಿದೆ. ಎಲೆಯ ಕೆಳಗೆ ನಡುವಿಗೆ ಒಂದು ರೇಷ್ಮೆ ಎಳೆ ಕಟ್ಟಿಕೊಂಡು ತೂಗುತ್ತಿತ್ತು, ತಿಳಿ ಹಸಿರು, ತುದಿ ಚೂಪು. ಅದರೊಳಗಿಂದಲೇ ಚಿಟ್ಟೆ ಬರುವುದು ಕಾಕಾ, ಹುಳ ಸತ್ತರೆ ಚಿಟ್ಟೆ ಎಲ್ಲಿಂದ ಬರಬೇಕು ಅಂದೆ. ಅವರು ಸುಮಾರು ಹೊತ್ತು ನೋಡಿದರು. "ನಲವತ್ತು ವರ್ಷ ಹತ್ತಿ ಬೆಳದೀನಿ, ಇದನ್ನ ಹಿಂಗ ನಿಂತು ನೋಡಿದ್ದಿಲ್ಲ" ಅಂದು ಪಂಪ್ ಇಳಿಸಿದರು. ಬೇವಿನ ಎಣ್ಣೆ ಹೊಡೆಯಬಹುದಾ ಅಂತ ಹಲವರು ಕೇಳುತ್ತಾರೆ. ಅದೂ ಮರಿಗಳನ್ನು ಕೊಲ್ಲುತ್ತದೆ, ಬೇಡ. ಎಲೆ ಪೂರ್ತಿ ಬೋಳಾದರೂ ಗಿಡ ಮತ್ತೆ ಚಿಗುರುತ್ತದೆ. ಹಕ್ಕಿ, ಕಣಜಗಳು ಬಂದು ಒಂದಿಷ್ಟು ಹುಳಗಳನ್ನು ತಿನ್ನುತ್ತವೆ. ಅವು ತಿಂದು ಉಳಿದದ್ದೇ ನಮಗೆ ಬೇಕಾದಷ್ಟು ಚಿಟ್ಟೆ.

ಮೊದಲ ವರ್ಷ ಹೂ ಬಿಡಲಿಲ್ಲ. ಕತ್ತರಿಸಿದ್ದರಿಂದ ಹಿಂದೆ ಬಿದ್ದವು. ಬೇಸಿಗೆಯಲ್ಲಿ ಎಲೆ ಉದುರಿ ಕಡ್ಡಿಯಾದವು. ಆ ಹೊತ್ತಿಗೆ ಬರುವ ಮಾತುಗಳಿಗೆ ಮನಸ್ಸು ಗಟ್ಟಿ ಇರಲಿ. "ಸತ್ತಾವಲ್ರೀ ಟೀಚರ್?" ಅಂತ ದಿನಾ ಯಾರಾದರೂ ಕೇಳುತ್ತಾರೆ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಮೊದಲ ಬೇಸಿಗೆಯಲ್ಲಿ ಮಾತ್ರ ತಿಂಗಳಿಗೆ ಒಂದೆರಡು ಸಲ ಕೊಡದಲ್ಲಿ ನೀರು ಹಾಕಿದೆವು. ಆ ಕಾಲಕ್ಕೆ ದೊಡ್ಡ ಅಪಾಯ ಬೆಂಕಿ. ಪಾರ್ಕಿನ ಮೂಲೆಯಲ್ಲಿ ಒಣ ಎಲೆ ಗುಡ್ಡೆ ಹಾಕಿ ಸುಡುವ ಚಟ ಎಲ್ಲ ಬಡಾವಣೆಗಳಲ್ಲೂ ಇದೆ. ಸಾಲಿನ ಸುತ್ತ ಒಣಗಿದ ಕಸ ಇಲ್ಲದಂತೆ ನೋಡಿಕೊಳ್ಳಿ.

ಎರಡನೇ ಮಳೆಗಾಲದ ಕೊನೆಗೆ ಮೊಗ್ಗು ಬಂತು. ಹೂ ಅಂಗೈಯಲ್ಲಿ ಹಿಡಿದು ನೋಡಬೇಕು. ಐದು ಹಳದಿ ದಳ, ಅಂಚು ಸ್ವಲ್ಪ ಮುದುಡಿದ್ದು. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬರಡು. ನಡುವಿನವು ಗಿಡ್ಡ. ಕೆಳಗಿನವು ಉದ್ದ, ಬಾಗಿದವು. ಪರಾಗ ಇರುವ ಚೀಲ ಬಾಯಿ ಬಿಡುವುದಿಲ್ಲ, ತುದಿಯಲ್ಲಿ ಸಣ್ಣ ರಂಧ್ರ ಮಾತ್ರ. ಅದರಿಂದ ಪರಾಗ ಉದುರಬೇಕಾದರೆ ಕೇಸರ ಜೋರಾಗಿ ನಡುಗಬೇಕು. ನಮ್ಮ ಜೇನುಗಳಿಗೆ ಆ ವಿದ್ಯೆ ಇಲ್ಲ. ಕರಿ ದುಂಬಿಗೆ ಇದೆ.

ಬೆಳಗ್ಗೆ ಏಳರಿಂದ ಒಂಬತ್ತರ ನಡುವೆ ಬಂದು ಸುಮ್ನೆ ನಿಂತರೆ ಸಾಕು. ದುಂಬಿ ಹೂವಿಗೆ ಬಂದು ಕೂರುವವರೆಗೆ ಒಂದು ದಪ್ಪ ಸದ್ದು. ಗಿಡ್ಡ ಕೇಸರಗಳನ್ನು ಕಾಲಿನಲ್ಲಿ ಅವಚಿಕೊಂಡು, ರೆಕ್ಕೆ ಆಡಿಸದೆ ಎದೆಯ ಸ್ನಾಯು ಮಾತ್ರ ನಡುಗಿಸುತ್ತದೆ. ಆಗ ಸದ್ದು ಒಮ್ಮೆಲೇ ಸಣ್ಣಗೆ, ಏರು ದನಿಯಲ್ಲಿ ಕೇಳುತ್ತದೆ. ಹೂವೇ ಅದುರುತ್ತದೆ. ಗಿಡ್ಡ ಕೇಸರದ ಪರಾಗ ದುಂಬಿಗೆ ಊಟ. ಅದೇ ಹೊತ್ತಿಗೆ ಉದ್ದ ಕೇಸರದ ಪರಾಗ ಅದರ ಬೆನ್ನು, ಪಕ್ಕೆಯ ಮೇಲೆ ಬೀಳುತ್ತದೆ. ಅಲ್ಲಿಗೆ ಅದರ ಕಾಲು ಸರಿಯಾಗಿ ಎಟಕುವುದಿಲ್ಲ, ಹಾಗೇ ಮುಂದಿನ ಹೂವಿಗೆ ಹೊತ್ತೊಯ್ಯುತ್ತದೆ. ಬದನೆ, ಟೊಮೆಟೊ ಹೂವಿನಲ್ಲೂ ಹೀಗೇ ನಡುಗಿಸಿದರೆ ಪರಾಗ ಉದುರುತ್ತದೆ. ನಮ್ಮ ಹುಡುಗರು ಇದನ್ನು ಕಣ್ಣಾರೆ ನೋಡಿದರು. ಒಂಬತ್ತನೇ ತರಗತಿಯ ಒಬ್ಬಳು ಕಣ್ಣು ಮುಚ್ಚಿಕೊಂಡು, ದನಿಯ ಮೇಲೆಯೇ ದುಂಬಿ ಹಾರುತ್ತಿದೆಯೋ ಪರಾಗ ಉದುರಿಸುತ್ತಿದೆಯೋ ಹೇಳುತ್ತಾಳೆ. ನೀಲಿ ಪಟ್ಟೆಯ ಸಣ್ಣ ಜೇನೊಂದು ಬರುತ್ತದೆ, ಅದಕ್ಕೂ ಈ ಕಲೆ ಗೊತ್ತು. ಅದು ಗೂಡು ಮಾಡುವುದು ಮಣ್ಣಿನಲ್ಲಿ, ಹಳ್ಳಿಯ ಹಳೆ ಮಣ್ಣಿನ ಗೋಡೆಗಳಲ್ಲಿ. ಕರಿ ದುಂಬಿ ಗೂಡು ಮಾಡುವುದು ಒಣ ಮರ, ಬಿದಿರಿನಲ್ಲಿ. ಅದಕ್ಕೇ ಗೂಟದ ಉಳಿಕೆ ಬಿದಿರನ್ನು ಒಂದು ಮೂಲೆಯಲ್ಲಿ ಹಾಗೇ ಬಿಟ್ಟಿದ್ದೇವೆ.

ಒಂದು ಎಚ್ಚರಿಕೆ: ತಂಗಡಿ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಇದೊಂದನ್ನೇ ಹಚ್ಚಿ ಜೇನು ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಜೊತೆಗೆ ತುಂಬೆ, ತುಳಸಿ, ಕಾಮಕಸ್ತೂರಿ ಇರಲಿ. ಹೊರಗಿನ ಅಂಚಿಗೆ ಎಕ್ಕೆ ಇದ್ದರೆ ಕರಿ ದುಂಬಿಗೆ ಮಕರಂದ ಅಲ್ಲೇ ಸಿಗುತ್ತದೆ.

ಹೂ ಬಂದ ಮೇಲಿನ ತೊಂದರೆಯನ್ನು ನಾನು ಯೋಚಿಸಿಯೇ ಇರಲಿಲ್ಲ. ಬೆಳಗಿನ ವಾಕಿಂಗ್‌ನವರು ಹೂ ಹರಿದು ಒಯ್ಯತೊಡಗಿದರು. ಶುಗರ್‌ಗೆ ಇದರ ಚಹಾ ಒಳ್ಳೆಯದು ಅನ್ನುವ ಮಾತು ಹಬ್ಬಿತ್ತು. ಒಂದು ಮುಂಜಾನೆ ಅರ್ಧ ಸಾಲು ಬೋಳು. ದುಂಬಿಗಳು ಬಂದು ಸುತ್ತಿ ಹೋದವು. ಜಗಳ ಆಡುವ ಹಾಗಿಲ್ಲ, ಎಲ್ಲ ಗುರುತಿನವರು. ಕೊನೆಗೆ ಒಬ್ಬೊಬ್ಬರ ಹತ್ತಿರ ನಿಂತು ಕೇಳಿಕೊಂಡೆ: ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇಂಥದ್ದನ್ನು ಕುಡಿಯಬೇಡಿ, ಬೇಕೇ ಬೇಕಾದರೆ ಬೀಜ ಕೊಡುತ್ತೇನೆ, ನಿಮ್ಮ ಮನೆ ಮುಂದೆ ಹಚ್ಚಿಕೊಳ್ಳಿ. ಬಹಳ ಮಂದಿ ಬೀಜ ಒಯ್ದರು. ಈಗ ಹರಿಯುವುದು ಕಡಿಮೆಯಾಗಿದೆ, ನಿಂತಿಲ್ಲ.

ಖರ್ಚಿನ ಲೆಕ್ಕ ಹೇಳುತ್ತೇನೆ. ಬೀಜಕ್ಕೆ ಏನೂ ಇಲ್ಲ. ಸ್ಟಾಂಪ್ ಕಾಗದ, ಟೈಪಿಂಗ್, ಝೆರಾಕ್ಸ್ ಸೇರಿ 400ರ ಒಳಗೆ. ಕಾಂಗ್ರೆಸ್ ಕಸ ಬೇರುಸಹಿತ ಕಿತ್ತು ಬೋದು ಮಾಡಿಸಲು ಆಳಿನ ಕೂಲಿ 3,000ದ ಹತ್ತಿರ. ದೊಡ್ಡ ಖರ್ಚು ಇದೇ. ಆಳುಗಳಿಗೆ ಕೈಗವಸು ಕೊಡಿಸಿ, ಆ ಕಸ ಚರ್ಮಕ್ಕೆ ತುರಿಕೆ ತರುತ್ತದೆ. ತಗಡಿನ ಹಲಗೆ 900, ಬಿದಿರು ಮತ್ತು ತಂತಿಗೆ 1,200. ಸಂಘದ ಮನೆಗಳು ಹಂಚಿಕೊಂಡಿದ್ದರಿಂದ ಯಾರಿಗೂ ಭಾರ ಆಗಲಿಲ್ಲ. ರಸೀದಿ ಎಲ್ಲ ಇಟ್ಟುಕೊಳ್ಳಿ, ಮುಂದಿನ ಸಭೆಯಲ್ಲಿ ಕೇಳುತ್ತಾರೆ.

ಈಗ ಉಳಿದಿರುವ ಕೆಲಸ ಸವರುವುದು. ಕಾಯಿ ಒಣಗಿದ ಮೇಲೆ, ಮುಂಗಾರಿಗೆ ಮೊದಲು, ಮೂರನೇ ಒಂದು ಭಾಗ ಕೊಂಬೆ ತೆಗೆದರೆ ಗಿಡ ಉದ್ದ ಬಿದ್ದು ಬಾಗದೆ ಗುಂಪಾಗಿ ಬರುತ್ತದೆ, ನೆಲವೂ ಕಾಣುತ್ತದೆ. ಕೋಶ ಅಥವಾ ಮೊಟ್ಟೆ ಇರುವ ಕೊಂಬೆ ಬಿಟ್ಟು ಸವರಿ. ಬೀಜ ಬೇಕಾದವರು ಜನವರಿ, ಫೆಬ್ರುವರಿಯಲ್ಲಿ ನಿಮ್ಮ ಊರ ದಾರಿಯ ಹೊಲದ ಬದುಗಳನ್ನೇ ನೋಡಿ, ಹೊಲದವರನ್ನು ಕೇಳಿ ತೆಗೆದುಕೊಳ್ಳಿ. ಒಂದೇ ಗಿಡದಿಂದ ಪೂರ್ತಿ ಕೀಳದೆ ನಾಲ್ಕಾರು ಗಿಡಗಳಿಂದ ಸ್ವಲ್ಪ ಸ್ವಲ್ಪ ಆರಿಸಿ. ಪಾರ್ಕಿನ ಅರ್ಜಿಯನ್ನೂ ಅದೇ ತಿಂಗಳು ಕೊಟ್ಟುಬಿಡಿ, ಆರಿದ್ರಾ ಮಳೆಯ ಹೊತ್ತಿಗೆ ಎರಡೂ ಕೈಯಲ್ಲಿರುತ್ತವೆ.